ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರುವವರಿಗೆ ಯಾವ ಡೆಸ್ಕ್‌ಟಾಪ್ ಹಿತ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಕೆಲಸಕ್ಕೆ ಏನೂ ಕುಂದಿಲ್ಲದ ಎಷ್ಟೋ ಕಂಪ್ಯೂಟರ್‌ಗಳು ಇದೊಂದೇ ಕಾರಣಕ್ಕೆ ಲಿನಕ್ಸ್ ಕಡೆ ಹೊರಳುತ್ತಿವೆ. ಹಾಗೆ ಹೊರಟವರ ಮೊದಲ ಪ್ರಶ್ನೆ ‘ಯಾವ ಲಿನಕ್ಸ್ ಹಾಕಲಿ?’ ಎಂಬುದು. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಂದು ಡಿಸ್ಟ್ರೋಗಳ (ಲಿನಕ್ಸ್‌ನ ಬೇರೆ ಬೇರೆ ಸಿದ್ಧ ಅವತರಣಿಕೆಗಳ) ಹೆಸರುಗಳು ಬಂದು ಬೀಳುತ್ತವೆ, ತಲೆ ಕೆಡುತ್ತದೆ.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅರ್ಧ ಗೊಂದಲ ಕಳೆಯುತ್ತದೆ. ದಿನವಿಡೀ ನಿಮ್ಮ ಕಣ್ಣೆದುರು ಇರುವುದು ಡಿಸ್ಟ್ರೋ ಅಲ್ಲ, ಅದರ ಮೇಲೆ ಕೂತ ಡೆಸ್ಕ್‌ಟಾಪ್. ಮೆನು ಎಲ್ಲಿದೆ, ತೆರೆದ ಕಿಟಕಿಗಳು ಎಲ್ಲಿ ಸಾಲಾಗಿ ಕಾಣುತ್ತವೆ, ಫೈಲುಗಳನ್ನು ಯಾವ ಪ್ರೋಗ್ರಾಂ ತೋರಿಸುತ್ತದೆ, ಸೆಟ್ಟಿಂಗ್ಸ್ ಹೇಗಿದೆ ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ವಿಂಡೋಸ್‌ನಲ್ಲಿ ಈ ಎರಡನ್ನೂ ಬಿಡಿಸಿ ನೋಡುವ ಪ್ರಮೇಯವೇ ಇಲ್ಲ, ಮೈಕ್ರೋಸಾಫ್ಟ್ ಕೊಟ್ಟದ್ದೇ ಡೆಸ್ಕ್‌ಟಾಪ್. ಲಿನಕ್ಸ್‌ನಲ್ಲಿ ಅವು ಬೇರೆ ಬೇರೆ. ಒಂದೇ ಉಬುಂಟು ಗ್ನೋಮ್ ಎಂಬ ಡೆಸ್ಕ್‌ಟಾಪ್ ಹೊತ್ತು ಬಂದರೆ ಉಬುಂಟು, ಪ್ಲಾಸ್ಮಾ ಹೊತ್ತು ಬಂದರೆ ಕುಬುಂಟು, ಎಕ್ಸ್‌ಎಫ್‌ಸಿಇ ಹೊತ್ತು ಬಂದರೆ ಕ್ಸುಬುಂಟು. ಒಳಗಿನ ಸರಕು ಬಹುಪಾಲು ಒಂದೇ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವಿಎಲ್‌ಸಿ ಎಲ್ಲದರಲ್ಲೂ ಓಡುತ್ತವೆ.

ಹಾಗಾದರೆ ಯಾವುದು? ಸ್ಕ್ರೀನ್‌ಶಾಟ್ ನೋಡಿ ಆರಿಸಬೇಡಿ ಎಂಬುದೇ ನನ್ನ ಮೊದಲ ಮಾತು. ವಾಲ್‌ಪೇಪರ್, ಬಣ್ಣ, ಐಕಾನುಗಳ ಚೆಂದ ಎರಡೇ ದಿನದಲ್ಲಿ ಕಣ್ಣಿಗೆ ಕಾಣದಂತಾಗುತ್ತದೆ. ಉಳಿಯುವುದು ಕೈಗೆ ಅಂಟಿದ ಅಭ್ಯಾಸ. ಕಿಟಕಿಯನ್ನು ಕೆಳಗಿಳಿಸುವುದು, ತೆರೆದಿಟ್ಟ ಎರಡು ದಾಖಲೆಗಳ ನಡುವೆ ಓಡಾಡುವುದು, ಡೆಸ್ಕ್‌ಟಾಪ್ ಮೇಲೆ ಫೈಲ್ ಎಸೆದಿಡುವುದು, ಗಡಿಯಾರದ ಪಕ್ಕದ ಪುಟ್ಟ ಐಕಾನುಗಳತ್ತ ಕಣ್ಣು ಹಾಯಿಸುವುದು, ಪೆನ್‌ಡ್ರೈವ್ ತೆಗೆಯುವುದು. ದಿನಕ್ಕೆ ನೂರು ಸಲ ಮಾಡುವ ಈ ಐದಾರು ಕೆಲಸಗಳಲ್ಲಿ ಯಾವ ಡೆಸ್ಕ್‌ಟಾಪ್ ನಿಮ್ಮನ್ನು ತಡೆದು ನಿಲ್ಲಿಸುವುದಿಲ್ಲವೋ ಹೊಸಬರಿಗೆ ಅದೇ ಸರಿ. ಕೆಳಗಿನ ಹೋಲಿಕೆಯೆಲ್ಲ ಈ ಅಳತೆಯಲ್ಲೇ.

ಸಿನಮನ್: ಹೇಳಿಕೊಡಬೇಕಾದ್ದೇ ಕಡಿಮೆ

ಏನೂ ವಿವರ ಕೊಡದೆ ‘ಒಂದು ಹೆಸರು ಹೇಳಿ’ ಎಂದು ಕೇಳಿದವರಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಎನ್ನುತ್ತೇನೆ. ಇದು ಹುಟ್ಟಿದ್ದೇ ಒಂದು ಅಸಮಾಧಾನದಿಂದ. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗ ಹಳೆಯ ಪ್ಯಾನೆಲ್ (ವಿಂಡೋಸ್‌ನ ಟಾಸ್ಕ್‌ಬಾರ್‌ನಂಥ ಪಟ್ಟಿ), ಮೆನು ಎಲ್ಲ ಮಾಯವಾಗಿದ್ದವು. ಬಳಕೆದಾರರಲ್ಲಿ ದೊಡ್ಡ ಪಾಲು ಗೊಣಗಿತು. ಮಿಂಟ್ ತಂಡ ಆ ಹೊಸ ಗ್ನೋಮ್‌ನ ಕೋಡನ್ನೇ ತೆಗೆದುಕೊಂಡು ಅದರ ಮೇಲೆ ಹಳೆಯ ಮಾದರಿಯ ಡೆಸ್ಕ್‌ಟಾಪ್ ಕಟ್ಟಿತು. ಕೆಳಗೆ ಪ್ಯಾನೆಲ್, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ, ಕಿಟಕಿಗೆ ಮೂರು ಗುಂಡಿ. ವಿಂಡೋಸ್ 7 ಬಳಸಿದವರ ಕೈ ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ.

ಮೊದಲ ಸಲ ಲಾಗಿನ್ ಆದಾಗ ಬರುವ ಸ್ವಾಗತದ ಕಿಟಕಿಯನ್ನು ಮುಚ್ಚುವ ಅವಸರ ಬೇಡ. ಪ್ಯಾನೆಲ್ ಸಾಂಪ್ರದಾಯಿಕವಾಗಿರಲೋ ಆಧುನಿಕವಾಗಿರಲೋ ಎಂದು ಅಲ್ಲೇ ಕೇಳುತ್ತದೆ. ಸಾಂಪ್ರದಾಯಿಕ ಎಂದರೆ ತೆರೆದ ಪ್ರತಿ ಕಿಟಕಿಗೂ ಹೆಸರು ಬರೆದ ಒಂದೊಂದು ಪಟ್ಟಿ. ಆಧುನಿಕ ಎಂದರೆ ಒಂದು ಪ್ರೋಗ್ರಾಂಗೆ ಒಂದೇ ಐಕಾನು, ಅದರೊಳಗೆ ಕಿಟಕಿಗಳ ಗುಂಪು. ಏಕಕಾಲಕ್ಕೆ ಮೂರು ನಾಲ್ಕು ದಾಖಲೆ ತೆರೆದು ಕೂರುವವರಿಗೆ ಮೊದಲನೆಯದು ಎಷ್ಟೋ ವಾಸಿ. ಅದೇ ಕಿಟಕಿಯಲ್ಲಿ ಟೈಮ್‌ಶಿಫ್ಟ್ ಕೂಡ ಸಿಗುತ್ತದೆ. ಸಿಸ್ಟಂ ಫೈಲುಗಳ ನಕಲನ್ನು ಆಗಾಗ ತೆಗೆದಿಟ್ಟು, ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಸಾಧನ ಅದು. ಹೊಸಬರು ಮೊದಲ ದಿನವೇ ಅದನ್ನು ಚಾಲೂ ಮಾಡಿಕೊಳ್ಳಬೇಕು.

ಇದರ ಫೈಲ್ ಮ್ಯಾನೇಜರ್ ಹೆಸರು ನೆಮೊ. ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುತ್ತದೆ. ಎಡಗಡೆ ಪೆನ್‌ಡ್ರೈವ್, ಬಲಗಡೆ ನಿಮ್ಮ ಫೋಲ್ಡರ್ ಇಟ್ಟುಕೊಂಡು ಎಳೆದು ಹಾಕಿದರೆ ಮುಗಿಯಿತು. ಗ್ನೋಮ್‌ನ ಫೈಲ್ ಮ್ಯಾನೇಜರ್‌ನಲ್ಲೂ ಈ ಸೌಲಭ್ಯ ಇತ್ತು, 2012ರಲ್ಲಿ ಕಿತ್ತುಹಾಕಿದರು. ನೆಮೊ ಬೇರೆಯಾಗಿ ಕವಲೊಡೆದದ್ದು ಆ ಹೊತ್ತಿಗೇ. ಯಾವ ಡೆಸ್ಕ್‌ಟಾಪ್ ತಂಡದ ಮನೋಧರ್ಮ ಎಂಥದು ಎಂಬುದು ಇಂಥ ಸಣ್ಣ ಸಂಗತಿಗಳಲ್ಲೇ ಗೊತ್ತಾಗುತ್ತದೆ.

ಕುಂದು ಇಲ್ಲವೆ? ಇದೆ. ಪರದೆಗೆ ಚಿತ್ರ ಮೂಡಿಸುವ ಕೆಳಪದರ ಲಿನಕ್ಸ್‌ನಲ್ಲಿ ಈಗ ಹಳೆಯ ಎಕ್ಸ್11ನಿಂದ ವೇಲ್ಯಾಂಡ್‌ಗೆ ಬದಲಾಗುತ್ತಿದೆ. ಗ್ನೋಮ್, ಪ್ಲಾಸ್ಮಾ ಆ ದಾರಿಯಲ್ಲಿ ಬಹುದೂರ ಹೋಗಿವೆ. ಸಿನಮನ್ ಮಾತ್ರ ನಿಧಾನ. ಮಿಂಟ್ 21.3ರಲ್ಲಿ ವೇಲ್ಯಾಂಡನ್ನು ಪ್ರಯೋಗವೆಂದು ಸೇರಿಸಿದರು, ಮಿಂಟ್ 22ರಲ್ಲೂ ಮೊದಲ ಆಯ್ಕೆ ಎಕ್ಸ್11ನದೇ. ಒಂದೇ ಸಾಧಾರಣ ಪರದೆ ಇರುವವರಿಗೆ ಇದು ಗೊತ್ತೂ ಆಗುವುದಿಲ್ಲ. ಲ್ಯಾಪ್‌ಟಾಪ್ ಪರದೆ 4ಕೆ, ಪಕ್ಕದ ಮಾನಿಟರ್ ಸಾಮಾನ್ಯದ್ದು ಎಂಬಂಥ ಜೋಡಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಒಂದರಲ್ಲಿ ಅಕ್ಷರ ಸರಿಮಾಡಿದರೆ ಇನ್ನೊಂದರಲ್ಲಿ ಆನೆಗಾತ್ರ. ಅಂಥವರು ನೇರ ಮುಂದಿನದಕ್ಕೆ ಹೋಗಿ.

ಕೆಡಿಇ ಪ್ಲಾಸ್ಮಾ: ಎಲ್ಲವೂ ಇದೆ, ಅದೇ ಅದರ ತೊಡಕು

ಮಥಿಯಾಸ್ ಎಟ್ರಿಕ್ 1996ರಲ್ಲಿ ಶುರುಮಾಡಿದ ಕೆಡಿಇ ಯೋಜನೆಯ ಇಂದಿನ ಡೆಸ್ಕ್‌ಟಾಪ್ ಪ್ಲಾಸ್ಮಾ. 2024ರ ಫೆಬ್ರುವರಿಯಲ್ಲಿ 6ನೇ ಆವೃತ್ತಿ ಬಂತು. ‘ಕೆಡಿಇ ಭಾರ’, ‘ಕೆಡಿಇಯಲ್ಲಿ ಒಂದೇ ಕ್ಲಿಕ್ಕಿಗೆ ಫೋಲ್ಡರ್ ತೆರೆದುಕೊಳ್ಳುತ್ತದೆ’ ಎಂಬ ಮಾತುಗಳು ನಿಮ್ಮ ಕಿವಿಗೆ ಬಿದ್ದಿದ್ದರೆ ಅವು ಹಳೆಯ ಕಾಲದವು. 6ರಿಂದ ಡಬಲ್ ಕ್ಲಿಕ್ ರೂಢಿಗೆ ಬಂದಿದೆ, ವೇಲ್ಯಾಂಡ್ ಮೊದಲ ಆಯ್ಕೆಯಾಗಿದೆ. ಪರದೆಯ ಗಾತ್ರ ಹಿಗ್ಗಿಸುವ ವಿಷಯದಲ್ಲಿ ಇಂದು ಪ್ಲಾಸ್ಮಾವನ್ನು ಮೀರಿಸಿದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಪರದೆಗೆ ಶೇ. 150, ಇನ್ನೊಂದಕ್ಕೆ ಶೇ. 100 ಎಂದು ಇಟ್ಟರೂ ಅಕ್ಷರ ಚೂಪಾಗಿಯೇ ಇರುತ್ತವೆ.

ಮೇಲ್ನೋಟಕ್ಕೆ ವಿಂಡೋಸ್ 10ಕ್ಕೆ ತೀರಾ ಹತ್ತಿರ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರದಲ್ಲಿ ಡೆಸ್ಕ್‌ಟಾಪ್ ಮೋಡ್‌ಗೆ ಹೋದರೆ ಕಾಣುವುದೂ ಇದೇ ಪ್ಲಾಸ್ಮಾ. ಲಿನಕ್ಸ್ ಎಂದರೇನೆಂದೇ ಕೇಳದ ಎಷ್ಟೋ ಆಟಗಾರರು ಅದರ ಮೂಲಕ ಇದನ್ನು ಬಳಸಿಬಿಟ್ಟಿದ್ದಾರೆ. ಡಾಲ್ಫಿನ್ ಎಂಬ ಫೈಲ್ ಮ್ಯಾನೇಜರ್, ಸ್ಪೆಕ್ಟಕಲ್ ಎಂಬ ಸ್ಕ್ರೀನ್‌ಶಾಟ್ ಸಾಧನ, ಒಕ್ಯುಲರ್ ಎಂಬ ಪಿಡಿಎಫ್ ಓದುಗ ಎಲ್ಲ ಗಟ್ಟಿ ಸಾಮಾನು. ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರ್ ಜತೆ ಬೆಸೆಯುವ ಕೆಡಿಇ ಕನೆಕ್ಟ್ ಒಂದಕ್ಕಾಗಿಯೇ ಇದಕ್ಕೆ ಬಂದವರಿದ್ದಾರೆ.

ತೊಡಕು ಬೇರೆಯೇ ಕಡೆ ಇದೆ. ಇಲ್ಲಿ ಬದಲಾಯಿಸಲಾಗದ ವಸ್ತುವೇ ಇಲ್ಲ. ಪ್ಯಾನೆಲ್ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಮೋಡ್‌ಗೆ ಹೋದರೆ ಅಲ್ಲಿರುವ ಪ್ರತಿಯೊಂದು ತುಣುಕೂ ಎಳೆದಾಡಲು, ಅಳಿಸಲು ಸಿಗುತ್ತದೆ. ಇನ್ನೇನನ್ನೋ ಸರಿಸಲು ಹೋಗಿ ಇಡೀ ಪ್ಯಾನೆಲನ್ನೇ ಅಳಿಸಿ, ‘ಸ್ಟಾರ್ಟ್ ಮೆನು ಹೋಯಿತು, ಕಂಪ್ಯೂಟರ್ ಕೆಟ್ಟಿತು’ ಎಂದು ಕೂತುಬಿಡುವುದು ಹೊಸಬರಲ್ಲಿ ಸಾಮಾನ್ಯ. ಕೆಟ್ಟಿರುವುದಿಲ್ಲ. ಅಳಿಸಿದ ಕೂಡಲೇ ಮೂಲೆಯಲ್ಲಿ ಬರುವ ಸೂಚನೆಯಲ್ಲಿ ‘ಅನ್‌ಡೂ’ ಇರುತ್ತದೆ. ಅದು ತಪ್ಪಿದರೂ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಎಡಿಟ್ ಮೋಡ್‌ಗೆ ಹೋಗಿ ಹೊಸ ಪ್ಯಾನೆಲ್ ಸೇರಿಸಿದರೆ ಮೊದಲಿದ್ದಂತೆಯೇ ಬರುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ‘ಬದಲಾದ ಸೆಟ್ಟಿಂಗ್‌ಗಳನ್ನು ಎತ್ತಿ ತೋರಿಸು’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ನೀವು ಎಲ್ಲೆಲ್ಲಿ ಕೈಯಾಡಿಸಿದ್ದೀರಿ ಎಂಬುದಕ್ಕೆಲ್ಲ ಚುಕ್ಕೆ ಗುರುತು ಬೀಳುತ್ತದೆ. ಕೆದಕುವ ಸ್ವಭಾವದವರಿಗೆ ಪ್ಲಾಸ್ಮಾ ಹಬ್ಬ. ‘ನನಗೆ ಕೆಲಸ ಆದರೆ ಸಾಕು’ ಎನ್ನುವವರು ಇದನ್ನೇ ಹಾಕಿಕೊಂಡರೂ ಮೊದಲ ಒಂದು ತಿಂಗಳು ಥೀಮ್ ಅಂಗಡಿಯತ್ತ ಸುಳಿಯದಿರುವುದು ಕ್ಷೇಮ.

ಕುಬುಂಟು ಸುಲಭದ ದಾರಿ. ಫೆಡೋರಾ ಕೂಡ 2025ರ ಏಪ್ರಿಲ್‌ನಲ್ಲಿ ಬಂದ 42ನೇ ಆವೃತ್ತಿಯಿಂದ ತನ್ನ ಕೆಡಿಇ ಅವತರಣಿಕೆಗೆ ಗ್ನೋಮ್‌ನ ಸರಿಸಮ ಸ್ಥಾನ ಕೊಟ್ಟಿದೆ.

ಗ್ನೋಮ್: ಹಳೆಯದನ್ನು ಮರೆಯಲು ಸಿದ್ಧರಿದ್ದರೆ

ಫೆಡೋರಾ ವರ್ಕ್‌ಸ್ಟೇಷನ್ ಹಾಕಿ ಅಸಲಿ ಗ್ನೋಮ್ ಎದುರು ಕೂತ ವಿಂಡೋಸ್ ಬಳಕೆದಾರನ ಮೊದಲ ಐದು ನಿಮಿಷ ಹೇಗಿರುತ್ತದೆ ನೋಡಿ. ಕೆಳಗೆ ಟಾಸ್ಕ್‌ಬಾರ್ ಇಲ್ಲ. ಮೇಲೆ ಸಣ್ಣ ಕಪ್ಪು ಪಟ್ಟಿ, ನಡುವೆ ಗಡಿಯಾರ. ಫೈರ್‌ಫಾಕ್ಸ್ ತೆರೆದರೆ ಕಿಟಕಿಯ ಮೂಲೆಯಲ್ಲಿ ಮುಚ್ಚುವ ಗುಂಡಿ ಒಂದೇ, ಕೆಳಗಿಳಿಸುವ ಗುಂಡಿ ಇಲ್ಲ. ಡೆಸ್ಕ್‌ಟಾಪ್ ಎಂಬ ಫೋಲ್ಡರ್‌ಗೆ ಫೈಲ್ ಉಳಿಸಿದರೆ ಅದು ಫೋಲ್ಡರ್‌ನಲ್ಲಿ ಇರುತ್ತದೆ, ಪರದೆಯ ಮೇಲೆ ಮಾತ್ರ ಕಾಣುವುದಿಲ್ಲ. ಲಿಬ್ರೆ ಆಫೀಸ್‌ನ ಎರಡು ರೈಟರ್ ದಾಖಲೆ ತೆರೆದು ಆಲ್ಟ್-ಟ್ಯಾಬ್ ಒತ್ತಿದರೆ ಎರಡೂ ಒಂದೇ ಐಕಾನಿನೊಳಗೆ ಸೇರಿರುತ್ತವೆ. ಅವುಗಳ ನಡುವೆ ಹೋಗಲು ಆಲ್ಟ್ ಹಿಡಿದು ಟ್ಯಾಬ್‌ನ ಮೇಲಿನ ಕೀ ಒತ್ತಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇಷ್ಟಾದರೂ ಗ್ನೋಮನ್ನು ಕೆಟ್ಟದ್ದೆನ್ನಲಾರೆ. ಅದರ ಲೆಕ್ಕಾಚಾರವೇ ಬೇರೆ. ಸೂಪರ್ ಕೀ, ಅಂದರೆ ವಿಂಡೋಸ್ ಚಿಹ್ನೆಯ ಕೀ, ಒತ್ತಿ. ತೆರೆದ ಕಿಟಕಿಗಳೆಲ್ಲ ಒಮ್ಮೆಲೇ ಹರಡಿಕೊಳ್ಳುತ್ತವೆ. ಮೂರು ಅಕ್ಷರ ಟೈಪಿಸಿ ಎಂಟರ್ ಒತ್ತಿದರೆ ಪ್ರೋಗ್ರಾಂ ತೆರೆಯುತ್ತದೆ. ಕಿಟಕಿಗಳು ಹೆಚ್ಚಾದರೆ ಕೆಳಗಿಳಿಸುವ ಬದಲು ಪಕ್ಕದ ವರ್ಕ್‌ಸ್ಪೇಸ್‌ಗೆ, ಅಂದರೆ ಇನ್ನೊಂದು ಖಾಲಿ ಪರದೆಯಂಥ ಜಾಗಕ್ಕೆ, ತಳ್ಳುವುದು ಇಲ್ಲಿನ ರೀತಿ. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆ ಮೂರು ಬೆರಳು ಮೇಲಕ್ಕೆ ಸವರಿದರೆ ಅದೇ ಕಿಟಕಿಗಳ ಅವಲೋಕನ, ಅಕ್ಕಪಕ್ಕ ಸವರಿದರೆ ವರ್ಕ್‌ಸ್ಪೇಸ್ ಬದಲು. ಈ ಸವರುವಿಕೆ ಬೆರಳಿಗೆ ಎಷ್ಟು ನುಣುಪಾಗಿ ಹತ್ತುತ್ತದೆಂದರೆ, ರೂಢಿಯಾದವರು ಟಾಸ್ಕ್‌ಬಾರ್ ಕೇಳುವುದೇ ಇಲ್ಲ. ಮ್ಯಾಕ್ ಕಡೆಯಿಂದ ಬರುವವರಿಗೆ, ಮೌಸ್ ಮುಟ್ಟದವರಿಗೆ, ಮೊದಲ ಸಲ ಕಂಪ್ಯೂಟರ್ ಕಲಿಯುವವರಿಗೆ ನಾನು ಧೈರ್ಯವಾಗಿ ಹೇಳುವುದು ಇದನ್ನೇ. ಮರೆಯಬೇಕಾದ ಅಭ್ಯಾಸ ಇಲ್ಲದವರಿಗೆ ಅದರ ಸರಳತೆ ವರ.

ಪರದೆ ಕಾಣದೆ ಕೇಳಿಸಿಕೊಂಡು ಕೆಲಸ ಮಾಡುವವರಿಗೂ ಗ್ನೋಮ್ ಒಳ್ಳೆಯ ಆರಂಭ. ಒರ್ಕಾ ಎಂಬ ಸ್ಕ್ರೀನ್ ರೀಡರ್ ಬೆಳೆದದ್ದೇ ಗ್ನೋಮ್ ಬಳಗದಲ್ಲಿ. ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಯಂತ್ರದ್ದೇ.

ಹಳೆಯ ಅಭ್ಯಾಸ ಬಿಡಲಾರದವರು ಗ್ನೋಮ್‌ಗೆ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಹೆಚ್ಚುವರಿ ತಂತ್ರಾಂಶ ಸೇರಿಸಿ ಟಾಸ್ಕ್‌ಬಾರ್ ತರಿಸಿಕೊಳ್ಳುತ್ತಾರೆ. ಇಲ್ಲಿ ಎಚ್ಚರ ಬೇಕು. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗ್ನೋಮ್‌ನ ಹೊಸ ಆವೃತ್ತಿ ಬರುತ್ತದೆ. ಯಾವ ಆವೃತ್ತಿಗೆ ಹೊಂದುತ್ತೇನೆಂದು ಪ್ರತಿ ಎಕ್ಸ್‌ಟೆನ್ಷನ್ ಮೊದಲೇ ಹೇಳಿಕೊಂಡಿರಬೇಕು. ಹೇಳಿರದಿದ್ದರೆ ಅಪ್‌ಡೇಟ್ ಆದ ಮರುದಿನ ಅದು ನಿಷ್ಕ್ರಿಯ. ನಾಲ್ಕು ಎಕ್ಸ್‌ಟೆನ್ಷನ್ ನಂಬಿ ಕಟ್ಟಿಕೊಂಡ ಡೆಸ್ಕ್‌ಟಾಪ್ ಒಂದು ಬೆಳಗ್ಗೆ ಬೋಳಾಗಿ ನಿಂತಿರುತ್ತದೆ. ಗ್ನೋಮನ್ನು ವಿಂಡೋಸ್ ಮಾಡಲು ಹೊರಡುವುದಕ್ಕಿಂತ ಸಿನಮನ್ ಹಾಕಿಕೊಳ್ಳುವುದು ಲೇಸು.

ನಡುವಿನ ದಾರಿ ಉಬುಂಟುವಿನದು. 2017ರಲ್ಲಿ ತನ್ನದೇ ಡೆಸ್ಕ್‌ಟಾಪ್ ಯೂನಿಟಿಯನ್ನು ಕೈಬಿಟ್ಟು ಗ್ನೋಮ್‌ಗೆ ಬಂದಾಗ ಅದು ಎಡಗಡೆಯ ಡಾಕ್ (ಐಕಾನುಗಳ ಪಟ್ಟಿ), ಕೆಳಗಿಳಿಸುವ ಗುಂಡಿಗಳನ್ನು ಉಳಿಸಿಕೊಂಡಿತು. ಈಗ ಡೆಸ್ಕ್‌ಟಾಪ್ ಮೇಲಿನ ಫೈಲುಗಳು, ಗಡಿಯಾರದ ಬಳಿಯ ಐಕಾನುಗಳು ಕೂಡ ಮೊದಲೇ ಸಿದ್ಧವಾಗಿರುತ್ತವೆ. ಉಬುಂಟು 24.04ರಂಥ ದೀರ್ಘಾವಧಿ ಆವೃತ್ತಿಯಲ್ಲಿ ಗ್ನೋಮ್ 46 ಕೊನೆಯವರೆಗೂ ಬದಲಾಗುವುದಿಲ್ಲ, ಹಾಗಾಗಿ ಎಕ್ಸ್‌ಟೆನ್ಷನ್ ಮುರಿಯುವ ತಲೆನೋವೂ ಕಡಿಮೆ. ಜೋರಿನ್ ಎಂಬ ಡಿಸ್ಟ್ರೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗ್ನೋಮ್ ಮೇಲೆಯೇ ವಿಂಡೋಸ್ ರೀತಿಯ ವಿನ್ಯಾಸಗಳನ್ನು ಒಂದು ಕ್ಲಿಕ್ಕಿಗೆ ಕೊಡುತ್ತದೆ. ಕೆಲವು ವಿನ್ಯಾಸ ಹಣ ಕೊಟ್ಟು ಕೊಳ್ಳುವ ಪ್ರೊ ಆವೃತ್ತಿಯಲ್ಲಿ ಮಾತ್ರ. ಅದರ 18ನೇ ಆವೃತ್ತಿ ಹೊರಬಂದದ್ದು ವಿಂಡೋಸ್ 10ರ ಬೆಂಬಲ ಮುಗಿದ ದಿನವೇ. ದಿನ ನೋಡಿಯೇ ಬಿಟ್ಟಿರಬೇಕು!

ಹಳೆಯ ಯಂತ್ರವಾದರೆ

ಎಕ್ಸ್‌ಎಫ್‌ಸಿಇ. 1996ರಲ್ಲಿ ಒಲಿವಿಯೆ ಫೌರ್ಡನ್ ಆರಂಭಿಸಿದ್ದು, ಇಂದಿಗೂ ಅವಸರವಿಲ್ಲದ ಹೆಜ್ಜೆ. 4.18 ಬಂದದ್ದು 2022ರ ಡಿಸೆಂಬರ್‌ನಲ್ಲಿ, 4.20 ಎರಡು ವರ್ಷದ ನಂತರ. ಇಂದು ಕಲಿತದ್ದು ಐದು ವರ್ಷದ ಮೇಲೂ ಅದೇ ಜಾಗದಲ್ಲಿರುತ್ತದೆ, ಹೊಸಬರಿಗೆ ಇದೇನೂ ಸಣ್ಣ ಗುಣವಲ್ಲ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ನೋಡಿದರೆ ಸಿನಮನ್‌ಗೂ ಅದಕ್ಕೂ ಫರಕು ಹೇಳುವುದೇ ಕಷ್ಟ. ಒಂದು ಕಿರಿಕಿರಿ ಮೊದಲೇ ತಿಳಿದಿರಲಿ: ಕೆಲವು ಥೀಮ್‌ಗಳಲ್ಲಿ ಕಿಟಕಿಯ ಅಂಚು ಕೂದಲಿನಷ್ಟು ತೆಳು, ಗಾತ್ರ ಬದಲಿಸಲು ಮೌಸ್‌ಗೆ ಸಿಗುವುದಿಲ್ಲ. ಆಲ್ಟ್ ಹಿಡಿದು ಕಿಟಕಿಯ ಒಳಗೆ ಎಲ್ಲಿಯಾದರೂ ಬಲ ಗುಂಡಿಯಿಂದ ಎಳೆಯಿರಿ, ಅಂಚು ಹುಡುಕುವ ಗೋಜೇ ಇಲ್ಲ. ಹೆಚ್ಚು ಸಾಂದ್ರತೆಯ ಪರದೆಗೆ ಮಾತ್ರ ಇದು ಬೇಡ; ಎರಡು ಪಟ್ಟು ಹಿಗ್ಗಿಸಬಹುದು, ಒಂದೂವರೆ ಪಟ್ಟು ಎಂದರೆ ಮಸುಕು.

ಒಂದು ಭ್ರಮೆಯನ್ನು ಇಲ್ಲೇ ಬಿಡಿಸಿಬಿಡೋಣ. ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಕಂಪ್ಯೂಟರ್ ಹಾರುವುದಿಲ್ಲ. ಮಿಂಟ್ 2 ಜಿಬಿ ರ‍್ಯಾಮ್‌ನಲ್ಲಿ ಓಡುತ್ತದೆ ಎಂದೇ ಹೇಳುತ್ತದೆ, ಹಿತವಾಗಿ ಬಳಸಲು 4 ಜಿಬಿ ಇರಲಿ ಎನ್ನುತ್ತದೆ. ಆದರೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಡೆಸ್ಕ್‌ಟಾಪ್ ಉಳಿಸಿಕೊಟ್ಟ ಮೆಮೊರಿಯನ್ನೆಲ್ಲ ಅದೇ ನುಂಗುತ್ತದೆ. 4 ಜಿಬಿಗಿಂತ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಅಥವಾ ಲುಬುಂಟುವಿನ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್. 8 ಜಿಬಿ ಇದ್ದವರು ರ‍್ಯಾಮ್ ಲೆಕ್ಕ ಹಿಡಿದು ಡೆಸ್ಕ್‌ಟಾಪ್ ಆರಿಸುವುದು ವ್ಯರ್ಥ. ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಹಗುರ ಡೆಸ್ಕ್‌ಟಾಪೂ ಕೊಡಲಾಗದ ವೇಗ ಸಿಗುತ್ತದೆ.

ಗ್ನೋಮ್ 2ರ ಹಳೆಯ ರೂಪವನ್ನೇ ಕಾಪಾಡಿಕೊಂಡು ಬಂದ ಮಾಟೆ, ಮ್ಯಾಕ್ ಛಾಯೆಯ ಪ್ಯಾಂಥಿಯನ್, ಬಡ್ಜಿ, 2025ರ ಕೊನೆಗೆ ಪಾಪ್ ಓಎಸ್ ಜತೆ ಬಂದ ಕಾಸ್ಮಿಕ್ ಇವೆಲ್ಲ ಇವೆ. ಕೆಟ್ಟವಲ್ಲ. ಆದರೆ ತೊಂದರೆ ಬಂದಾಗ ಉತ್ತರ ಹುಡುಕಲು ಹೊರಟರೆ ಮೇಲಿನ ನಾಲ್ಕಕ್ಕೆ ಸಿಗುವಷ್ಟು ನೆರವು ಇವಕ್ಕೆ ಸಿಗುವುದಿಲ್ಲ. ಮೊದಲ ಡೆಸ್ಕ್‌ಟಾಪ್ ಆಗಿ ಇವನ್ನು ಹೇಳಲಾರೆ.

ಕನ್ನಡ ಟೈಪಿಸುವವರು ಗಮನಿಸಬೇಕಾದ್ದು

ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸ ಬಳಸುವವರಿಗೆ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರದ ರೀತಿ ಬೇಕಾದವರಿಗೆ ಐಬಸ್ ಎಂಬ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಬೇಕು. ಗ್ನೋಮ್‌ನೊಳಗೆ ಐಬಸ್ ಬೆಸೆದುಕೊಂಡೇ ಇದೆ. ಪ್ಯಾಕೇಜ್ ಹಾಕಿ, ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಸೇರಿಸಿದರೆ ಆಯಿತು. ಮಿಂಟ್‌ನಲ್ಲಿ ‘ಇನ್‌ಪುಟ್ ಮೆಥಡ್’ ಎಂಬ ಪ್ರತ್ಯೇಕ ಕಿಟಕಿ ಇದೆ. ಪ್ಲಾಸ್ಮಾದ ವೇಲ್ಯಾಂಡ್‌ನಲ್ಲಿ ಇದನ್ನು ಅಡಗಿಸಿಟ್ಟಿರುವ ಜಾಗ ಯಾರಿಗೂ ಹೊಳೆಯುವಂಥದ್ದಲ್ಲ: ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಪುಟ. ಅಲ್ಲಿ ಐಬಸ್ ಅಥವಾ ಅಂಥದೇ ಇನ್ನೊಂದು ಸಾಧನವಾದ ಫ್ಸಿಟಿಕ್ಸ್ 5 ಆರಿಸದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಕೆಲವು ಪ್ರೋಗ್ರಾಂಗಳಲ್ಲಿ ಕನ್ನಡ ಮೂಡುವುದಿಲ್ಲ.

ಹಾಕುವ ಮೊದಲು ಕೈಯಾರೆ ನೋಡಿ

ಇದಕ್ಕೆ ವಿಂಡೋಸ್ ಅಳಿಸಬೇಕಿಲ್ಲ. ಒಂದೇ ಪೆನ್‌ಡ್ರೈವ್‌ನಿಂದ ಹಲವು ಲಿನಕ್ಸ್ ಓಡಿಸಲು ಬಿಡುವ ವೆಂಟಾಯ್ ತಂತ್ರಾಂಶ ಹಾಕಿದ ಪೆನ್‌ಡ್ರೈವ್‌ಗೆ ಮಿಂಟ್, ಕುಬುಂಟು, ಉಬುಂಟುಗಳ ಐಎಸ್‌ಒ ಫೈಲುಗಳನ್ನು ನಕಲು ಮಾಡಿದರೆ ಸಾಕು. ಕಂಪ್ಯೂಟರ್ ಆನ್ ಮಾಡುವಾಗ ಬೇಕಾದ್ದನ್ನು ಆರಿಸಿ ಲೈವ್ ಆಗಿ, ಅಂದರೆ ಡಿಸ್ಕ್‌ಗೆ ಹಾಕದೆಯೇ, ಓಡಿಸಬಹುದು. ವೇಗದ ತೀರ್ಪು ಕೊಡಬೇಡಿ, ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ನಿಧಾನವೇ. ನೋಡಬೇಕಾದ್ದು ಬೇರೆ. ಒಂದು ದಾಖಲೆ ಬರೆದು ಡೆಸ್ಕ್‌ಟಾಪ್‌ಗೆ ಉಳಿಸಿ, ಮತ್ತೆ ಹುಡುಕಿ. ಎರಡು ಕಿಟಕಿ ಅಕ್ಕಪಕ್ಕ ಜೋಡಿಸಿ. ಅಕ್ಷರ ದೊಡ್ಡದು ಮಾಡಿ. ಹೊರಗಿನ ಮಾನಿಟರ್ ಸಿಕ್ಕಿಸಿ. ಲ್ಯಾಪ್‌ಟಾಪ್ ಮುಚ್ಚಿ ತೆರೆಯಿರಿ. ಇದೆಲ್ಲ ಯಾರನ್ನೂ ಕೇಳದೆ ಯಾವುದರಲ್ಲಿ ಸಾಗಿತೋ ಅದು ನಿಮ್ಮದು.

ಇಷ್ಟು ಮಾಡುವ ಬದಲು ಒಂದೇ ಇನ್‌ಸ್ಟಾಲ್ ಮೇಲೆ ಗ್ನೋಮ್, ಪ್ಲಾಸ್ಮಾ ಎರಡನ್ನೂ ಹಾಕಿಕೊಂಡು ಲಾಗಿನ್ ಪರದೆಯಲ್ಲಿ ಬದಲಿಸುತ್ತಿರಬಹುದು ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಸಾಧ್ಯವೇನೋ ಹೌದು. ಆದರೆ ಮೆನುವಿನಲ್ಲಿ ಎರಡು ಫೈಲ್ ಮ್ಯಾನೇಜರ್, ಎರಡು ಸೆಟ್ಟಿಂಗ್ಸ್, ಎರಡು ಟೆಕ್ಸ್ಟ್ ಎಡಿಟರ್ ತುಂಬಿಕೊಳ್ಳುತ್ತವೆ. ಒಂದರ ಥೀಮ್ ಇನ್ನೊಂದರೊಳಗೆ ನುಸುಳಿ ಐಕಾನು, ಫಾಂಟು ಕಲಸಿಹೋಗುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಬಿಡಿಸುವುದು ಹೊಸಬರ ಕೈಲಾಗುವ ಕೆಲಸವಲ್ಲ.

ಬೇರೆಯವರ ಕಂಪ್ಯೂಟರ್‌ಗೆ ಹಾಕಿಕೊಡುತ್ತಿದ್ದೀರಾ? ಆಗ ಲೆಕ್ಕ ಬೇರೆಯಾಗುತ್ತದೆ. ನೀವು ದಿನವೂ ಬಳಸುವ ಡೆಸ್ಕ್‌ಟಾಪನ್ನೇ ಅವರಿಗೂ ಹಾಕಿ, ಅದು ಎರಡನೆಯ ಉತ್ತಮ ಆಯ್ಕೆಯಾಗಿದ್ದರೂ ಸರಿ. ಪ್ರಿಂಟರ್ ನಿಂತಿತೆಂದು ಅವರು ಫೋನ್ ಮಾಡಿದಾಗ ನಿಮ್ಮ ಪರದೆಯಲ್ಲಿ ಕಾಣುವುದನ್ನೇ ನೋಡಿ ದಾರಿ ಹೇಳಬಹುದು. ಆರು ತಿಂಗಳಿಗೊಮ್ಮೆ ಬದಲಾಗುವ ಆವೃತ್ತಿ ಬೇಡ. 2029ರವರೆಗೆ ಬೆಂಬಲ ಇರುವ ಮಿಂಟ್ 22ರಂಥದ್ದನ್ನು ಆರಿಸಿ, ಅಪ್‌ಡೇಟ್ ತಾನಾಗಿಯೇ ಆಗುವಂತೆ ಮತ್ತು ಟೈಮ್‌ಶಿಫ್ಟ್ ವಾರಕ್ಕೊಮ್ಮೆ ನಕಲು ತೆಗೆಯುವಂತೆ ಹೊಂದಿಸಿ ಕೊಡಿ.